ನೀರಿಗೆ ಬಿಟ್ಟ ಜಾಗ

ಹ್ಯಾಂಬರ್ಗಿಗೆ ಬಂದ ಮೊದಲ ದಿನವೇ ಪವಿ ದಾರಿ ತಪ್ಪಿದಳು. ತಪ್ಪು ಅವಳದ್ದಲ್ಲ, ಫೋನಿನಲ್ಲಿ ದಾರಿ ಹೇಳಿದವನದ್ದು.

"ಬೌಮ್‌ವಾಲ್ ಸ್ಟೇಶನ್ನಿನಾಗ ಇಳೀರಿ. ಎದುರಿಗೇ ಹೊಳಿ ಕಾಣಸ್ತೈತಿ. ದಂಡಿ ಹಿಡದು ನೀರು ಬರೂ ದಿಕ್ಕಿಗೆ ನಡಕೋಂತ ಬರ್ರಿ. ಸಮೀಪನ ನಮ್ಮ ಸೈಟ್ ಐತಿ," ಎಂದಿದ್ದ ಶೈಲೇಶ.

ಜರ್ಮನಿಯಲ್ಲಿ ಕನ್ನಡ ಕಿವಿಗೆ ಬಿದ್ದ ಖುಷಿಗೆ ಪವಿ ಬೇರೇನೂ ಕೇಳಲಿಲ್ಲ. ಅವಳು ಮೈಸೂರಿನವಳು, ಜರ್ಮನಿ ಆಗ ಕಂಪ್ಯೂಟರ್ ಓದಿದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಸಾಫ್ಟ್‌ವೇರ್ ಎಂಜಿನಿಯರ್. ಹಳೆಯ ಬಂದರಿನ ಜಾಗದಲ್ಲಿ ಹಾಫೆನ್‌ಸಿಟಿ ಎಂಬ ಹೊಸ ಬಡಾವಣೆ ಏಳುತ್ತಿತ್ತು. ಅಲ್ಲಿ ನೀರು ಎಲ್ಲಿಯವರೆಗೆ ಏರಬಹುದು ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯಲು ಅವಳನ್ನು ಕರೆಸಿಕೊಂಡಿದ್ದರು. ಸ್ಟೇಶನ್ನಿನಿಂದ ಇಳಿದು ನೋಡಿದರೆ ಎಲ್ಬೆ ನದಿ ಬಲಗಡೆಯಿಂದ ಬರುತ್ತಿತ್ತು. ಅವಳು ಬಲಕ್ಕೇ ನಡೆದಳು. ಹಡಗುಕಟ್ಟೆ ಬಂತು, ಹುರಿದ ಮೀನಿನ ವಾಸನೆ ಬಂತು, ಸೈಟ್ ಮಾತ್ರ ಬರಲಿಲ್ಲ.

ಕೊನೆಗೆ ಅವನೇ ಹುಡುಕಿಕೊಂಡು ಓಡಿ ಬಂದ. ತಲೆಯ ಮೇಲೆ ಹಳದಿ ಹೆಲ್ಮೆಟ್, ಬೂಟಿಗೆ ಮಣ್ಣು, ಏದುಸಿರು.

"ಇತ್ಲಾಗ ಯಾಕ ಬಂದ್ರಿ? ಪೂರ್ತಿ ಉಲ್ಟಾ ದಿಕ್ಕು!"

"ನೀರು ಬರೋ ದಿಕ್ಕಿಗೆ ಬನ್ನಿ ಅಂದಿದ್ದು ನೀವೇ ತಾನೆ? ನೋಡಿ, ಎಲ್ಲಿಂದ ಬರ್ತಿದೆ?"

ಅವನು ನೋಡಿದ. ಸಮುದ್ರದ ಉಬ್ಬರ ಒತ್ತಿಕೊಂಡು ಬರುವ ಹೊತ್ತು ಅದು. ಎಲ್ಬೆ ಹಿಂದಕ್ಕೆ ತಿರುಗಿ ಸಮುದ್ರದ ಕಡೆಯಿಂದ ಊರೊಳಗೆ ಹರಿಯುತ್ತಿತ್ತು.

"ಅಂದ ಹಾಗೆ, ಇಲ್ಲಿ ನಿಮ್ಮ ಕೆಲಸ ಏನು?" ಎಂದು ಕೇಳಿದಳು ಪವಿ.

ಅವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ನಾನು... ಉಬ್ಬರ ಇಳಿತದ ಎಂಜಿನಿಯರ್ ರೀ."

ಪವಿಗೆ ನಗು ತಡೆಯಲಾಗಲಿಲ್ಲ. ದಂಡೆಯ ಕಂಬಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅವನ ಕಿವಿಯ ತುದಿಗಳು ಕೆಂಪಗಾದವು. ಹುಡುಗ ನೋಡಲು ಚೆನ್ನಾಗಿದ್ದಾನೆ ಎನ್ನುವುದು ಅವಳ ಗಮನಕ್ಕೆ ಬಂದದ್ದು ಆಗಲೇ.

"ನಮ್ಮ ಬಾಗಲಕೋಟಿಯೊಳಗ ದಾರಿ ಹಿಂಗ ಹೇಳ್ತೀವ್ರಿ. ಹೊಳೀ ಮ್ಯಾಲ, ಹೊಳೀ ಕೆಳಗ. ರೂಢಿ ಹೋಗಂಗಿಲ್ಲ. ಘಟಪ್ರಭಾ ಎಂದೂ ಹಿಂದಕ ತಿರುಗಿದ್ದಿಲ್ಲ," ಎಂದವನು ತನ್ನ ಮಾತನ್ನು ತಾನೇ ತಿದ್ದಿಕೊಂಡ. "ಅಲ್ಲ, ಒಮ್ಮೆ ತಿರುಗಿತು ಬಿಡ್ರಿ."

ಆ ಮಾತಿನ ಅರ್ಥ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಂದಿನಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಬ್ಬರೂ ಬಂದರಿನ ಉದ್ದಕ್ಕೂ ನಡೆಯುವುದು ಅಭ್ಯಾಸವಾಯಿತು. ಹೆಸರಿಗೆ ಅದು ಸೈಟ್ ವಿಸಿಟ್. ಆಫೀಸಿನವರೆಲ್ಲ "ಮೊಯಿನ್" ಎಂದು ಮುಗುಳ್ನಕ್ಕು ದಾರಿ ಬಿಡುತ್ತಿದ್ದರು. ಈ ಊರಿನವರು ಬೆಳಿಗ್ಗೆಗೂ ಸಂಜೆಗೂ ಅದೊಂದೇ ನಮಸ್ಕಾರ ಸಾಕು ಎಂದುಕೊಂಡವರು.

ಆ ಬಡಾವಣೆಯ ಬಗ್ಗೆ ಹೇಳಲು ಶುರು ಮಾಡಿದರೆ ಶೈಲೇಶನಿಗೆ ಬ್ರೇಕ್ ಇರುತ್ತಿರಲಿಲ್ಲ.

"ಇಲ್ಲಿ ನೋಡ್ರಿ, ಹೊಳೀಗೆ ಗ್ವಾಡೀ ಕಟ್ಟಿಲ್ಲ. ಕಟ್ಟಿದ್ರ ಊರಿಗೆ ನೀರು ಕಾಣತಿದ್ದಿಲ್ಲ. ಬಂದರದ ಊರಿಗೆ ನೀರ ಕಾಣದಿದ್ರ ಏನ್ ಚೆಂದ? ಅದಕ್ಕ ಒಂದೊಂದು ಮನೀನೂ ದಿಬ್ಬದ ಮ್ಯಾಲ ಏರಸ್ಯಾರ. ಸಮುದ್ರದ ದಂಡೀ ರೈತರು ಹಿಂದಿನ ಕಾಲದಾಗ ಹಿಂಗ ಮಾಡ್ತಿದ್ರಂತ. ಮಣ್ಣಿನ ದಿಬ್ಬಾ, ಅದರ ಮ್ಯಾಲ ಮನಿ. ನೀರು ಹೊಲಕ್ಕ ಬರ್ತಿತ್ತು, ಹೋಗ್ತಿತ್ತು. ಮಂದಿ, ದನಾ ಎಲ್ಲಾ ಮ್ಯಾಲ ಆರಾಮ. ಮುತ್ತಜ್ಜರ ಬುದ್ಧೀನ್ನ ಮರೀಲಿಲ್ಲ ನೋಡ್ರಿ, ಶಹರಕ್ಕ ತಂದ್ರು!"

ನೀರಿನ ಪಕ್ಕದಲ್ಲೇ ತಗ್ಗಿನಲ್ಲಿ ಒಂದು ಕಾಲುದಾರಿ. ಉಬ್ಬರ ಹೆಚ್ಚಾದಾಗ ಅದು ಮುಳುಗಲಿ ಎಂದೇ ಬಿಟ್ಟದ್ದು. ಮೇಲೆ ಬೀದಿ, ಬೀದಿಯ ಮಟ್ಟದಲ್ಲೇ ಸೇತುವೆಗಳು. ಕೆಳಗೆ ನೀರು ತುಂಬಿದರೂ ಮೇಲಿನವರು ನಡೆದು ಆಚೆಗೆ ಹೋಗಬಹುದು. ಆಚೆಗೆ ಕಾಫಿ, ಮಸಾಲೆ, ರತ್ನಗಂಬಳಿ ತುಂಬಿಟ್ಟ ಕೆಂಪು ಇಟ್ಟಿಗೆಯ ಹಳೆಯ ಉಗ್ರಾಣಗಳು. ಒಂದನ್ನೂ ಕೆಡವಿರಲಿಲ್ಲ. ಹೊಸ ಮನೆಗಳೆಲ್ಲ ಅವುಗಳ ಕಡೆಗೆ ಮುಖ ಮಾಡಿ ವಿನಯದಿಂದ ನಿಂತಿದ್ದವು. ನಮ್ಮ ನೆಲ ಹೀಗಿದೆ, ನಮ್ಮ ನೀರು ಹೀಗಿದೆ, ಅದಕ್ಕೆ ತಕ್ಕ ಹಾಗೆ ಬೆಳೆಯೋಣ ಎಂದು ಒಂದು ಊರಿಗೆ ಊರೇ ಒಪ್ಪಿಕೊಂಡಿದ್ದನ್ನು ಕಂಡು ಪವಿಗೆ ಮನಸ್ಸು ತುಂಬಿ ಬರುತ್ತಿತ್ತು.

"ಏಲಕ್ಕಿ!" ಎನ್ನುತ್ತಿದ್ದಳು ಒಮ್ಮೊಮ್ಮೆ ಉಗ್ರಾಣದ ಬಾಗಿಲಲ್ಲಿ ಗಕ್ಕನೆ ನಿಂತು. "ಮೂಗಿಗೆ ಬಂತಾ?"

"ಇಲ್ಲರೀ."

"ಮೂಗು ನನ್ನ ಕಡೆ ತಿರುಗಿಸಿಕೊಂಡು ನಿಂತ್ರೆ ಏಲಕ್ಕಿ ಎಲ್ಲಿ ಬರತ್ತೆ?"

ಅವನು ಗಡಬಡಿಸಿ ಉಗ್ರಾಣದ ಕಡೆ ತಿರುಗುತ್ತಿದ್ದ. ಕಿವಿ ಮತ್ತೆ ಕೆಂಪಾಗುತ್ತಿತ್ತು. ಆ ಕೆಂಪು ನೋಡುವುದಕ್ಕೆಂದೇ ಪವಿ ದಿನವೂ ಏನಾದರೊಂದು ಕೀಟಲೆ ಹುಡುಕಿಕೊಂಡು ಬರುತ್ತಿದ್ದಳು. ಎರಡನೆಯ ಚಳಿಗಾಲ ಬರುವಷ್ಟರಲ್ಲಿ "ರೀ" ಉದುರಿಹೋಗಿ "ನೀ" ಬಂದಿತ್ತು. ಮುಖ್ಯವಾದ ಮಾತು ಮಾತ್ರ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಅವಳ ಕಾಂಟ್ರಾಕ್ಟ್ ಮುಗಿಯುತ್ತಾ ಬಂತು. ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನ ಒಂದು ಸಂಶೋಧನಾ ಸಂಸ್ಥೆ ಕೆಲಸ ಕೊಡುತ್ತೇವೆ ಎಂದಿತು. ಸೋಮವಾರದೊಳಗೆ ಉತ್ತರ ಹೇಳಬೇಕು. ಪವಿ ಅದನ್ನು ಶೈಲೇಶನಿಗೆ ಹೇಳಿ ಅವನ ಮುಖವನ್ನೇ ನೋಡುತ್ತಾ ನಿಂತಳು.

"ನಿನಗ ಹೆಂಗ ಅನಸ್ತೈತಿ ಹಂಗ ಮಾಡು," ಎಂದ ಅವನು, ಕಣ್ಣು ನೀರಿನ ಮೇಲಿಟ್ಟು.

"ಅಷ್ಟೇನಾ?"

"ಅಷ್ಟ."

ಪವಿಗೆ ಮೈ ಉರಿದುಹೋಯಿತು. "ಇರು" ಎನ್ನುವ ಎರಡಕ್ಷರ ಈ ಮನುಷ್ಯನ ಬಾಯಲ್ಲಿ ಬಂದಿದ್ದರೆ ಅವಳು ಗಾರ್ಕಿಂಗ್ ಮಾತನ್ನು ಅಲ್ಲೇ ಕೈಬಿಡುತ್ತಿದ್ದಳು. ಬೇರೆ ಕೆಲಸ ಸಿಕ್ಕೀತು. ಇವನು ಸಿಗುತ್ತಾನೆಯೇ? ಅವನಿಗೆ ತಾನು ಬೇಡವೇನೋ ಎಂಬ ಅನುಮಾನ ಅಂದು ಮೊದಲ ಬಾರಿಗೆ ಹುಟ್ಟಿತು. ಅದರ ನೋವಿಗೆ ಎರಡು ದಿನ ಅವನ ಜೊತೆ ಮಾತೇ ಆಡಲಿಲ್ಲ.

ಶನಿವಾರ ವಾಯವ್ಯದಿಂದ ಬಿರುಗಾಳಿ ಬೀಸಿತು. ಮಧ್ಯಾಹ್ನ ಬಂದರಿನಲ್ಲಿ ತೋಪಿನ ಸದ್ದು ಕೇಳಿಸಿತು. ನೀರು ಏರುತ್ತಿದೆ, ತಗ್ಗಿನಲ್ಲಿರುವವರು ಮೇಲೆ ಬನ್ನಿ ಎಂದು ಊರಿಗೆ ಸಾರುವ ರೀತಿ ಅದು. ಮೊದಲ ಕಟ್ಟಡದ ಕೆಳಮಹಡಿಯ ಉಕ್ಕಿನ ಬಾಗಿಲುಗಳನ್ನು ಮುಚ್ಚಿಸುವುದು ಶೈಲೇಶನ ಪಾಲಿನ ಕೆಲಸ. ತನ್ನ ಪ್ರೋಗ್ರಾಮ್ ಸುಳ್ಳು ಹೇಳಿದೆಯೋ ನಿಜ ಹೇಳಿದೆಯೋ ನೋಡಬೇಕೆಂಬ ನೆಪ ಮಾಡಿಕೊಂಡು ಪವಿಯೂ ಹೋದಳು.

ಮೇಲಿನ ಬೀದಿಯ ಕಂಬಿಗೆ ಒರಗಿ ಜನ ನಿಂತಿದ್ದರು. ಯಾರ ಮುಖದಲ್ಲೂ ಗಾಬರಿಯಿಲ್ಲ, ಕೆಲವರ ಕೈಯಲ್ಲಿ ಫ್ಲಾಸ್ಕು. ಕೆಳಗಿನ ಕಾಲುದಾರಿ ಮುಳುಗಿತು, ಬೆಂಚುಗಳು ಮುಳುಗಿದವು. ಕಂದು ಬಣ್ಣದ ನೀರು ದಿಬ್ಬದ ಗೋಡೆಗೆ ಅಪ್ಪಳಿಸುತ್ತಾ ಏರಿ, ಒಂದು ಕಡೆ ನಿಂತಿತು. ಪವಿಯ ಲೆಕ್ಕ ಹೇಳಿದ ಜಾಗವೇ ಅದು.

"ನಿಂತಿತು!" ಎಂದು ಅವಳು ಕೋಪ ಮರೆತು ಅವನ ತೋಳು ಹಿಡಿದಳು. "ನೋಡೋ, ನಿಂತ್ಕೊಂಡ್ತು!"

ಶೈಲೇಶನ ಕಣ್ಣುಗಳು ತುಂಬಿದ್ದವು.

"ನಮ್ಮ ಮನೀ ಕಟ್ಟೀಗೆ ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದ ದಿನ," ಎಂದ ಮೆಲ್ಲಗೆ, "ಅವ್ವ ಮುಂಜಾನೆ ಎದ್ದು ಕಸಾ ಹೊಡದು ಬಾಗಲಕ್ಕ ರಂಗೋಲಿ ಹಾಕಿದ್ಲು. ಆ ನೀರು ತಿರುಗಿ ಹೋಗಲಿಲ್ಲ, ಪವಿ. ಹೊಳೀನ ಹಿಂದಕ ತಿರುಗಿ ನಮ್ಮ ಮನ್ಯಾಗ ಕುಂತುಬಿಡ್ತು."

ಪವಿ ತೋಳು ಬಿಡಲಿಲ್ಲ.

"ಏಳ್ರಿ ಅಂದ್ರು. ನವನಗರದಾಗ ಇರ್ರಿ ಅಂದ್ರು. ಸೆಕ್ಟರ್ ನಂಬರ್ ಕೊಟ್ರು. ನಿನಗ ಎಲ್ಲಿರಬೇಕಂತ ಐತವ್ವಾ ಅಂತ ಅವ್ವನ್ನ ಯಾರೂ ಕೇಳಲಿಲ್ಲ. ಅವತ್ತ ಅನಕೊಂಡೆ, ನೀ ಇಲ್ಲಿರು, ಅಲ್ಲಿರು ಅಂತ ಜೀವನದಾಗ ನಾ ಯಾರಿಗೂ ಹೇಳಬಾರದು."

ಎರಡು ದಿನದ ಸಿಟ್ಟೆಲ್ಲ ಪವಿಯ ಎದೆಯಿಂದ ಇಳಿದುಹೋಯಿತು. ಅದರ ಜಾಗದಲ್ಲಿ ಅವನ ಮೇಲೆ ಎಂತಹ ಪ್ರೀತಿ ಉಕ್ಕಿತೆಂದರೆ ಅವಳಿಗೇ ಹೆದರಿಕೆಯಾಯಿತು.

"ದಡ್ಡ," ಎಂದಳು. "ಹೇಳೋದು ಬೇರೆ, ಕೇಳೋದು ಬೇರೆ ಅಲ್ವೇನೋ? ನಿಮ್ಮಮ್ಮನ್ನ ಯಾರೂ ಕೇಳ್ಲಿಲ್ಲ ಅಂತ ಇಷ್ಟು ವರ್ಷ ಸಂಕಟಪಡ್ತೀಯ. ನೀನು ನನ್ನ ಕೇಳಿದ್ಯಾ?"

ಅವನು ತಿರುಗಿದ. ಒಂದೂವರೆ ವರ್ಷದಲ್ಲಿ ಮೊದಲ ಸಲ ನೀರನ್ನಾಗಲಿ, ಉಗ್ರಾಣವನ್ನಾಗಲಿ ನೋಡದೆ ನೇರವಾಗಿ ಅವಳ ಕಣ್ಣನ್ನೇ ನೋಡಿದ.

"ಪವಿ, ನಿನ್ನ ಮ್ಯಾಲ ನನಗ ಭಾಳ ಪ್ರೀತಿ ಐತಿ. ಇಲ್ಲೇ ಇರ್ತೀಯೇನು? ನನ್ನ ಜೋಡಿ?"

"ಯೋಚನೆ ಮಾಡಿ ಹೇಳ್ತೀನಿ."

ಅವನ ಮುಖ ಸಣ್ಣದಾಯಿತು. ಪವಿ ಕೆಳತುಟಿ ಕಚ್ಚಿಕೊಂಡು ಅವನ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದು ಸರಿಮಾಡಿದಳು. "ಆಯ್ತು, ಮಾಡಿದೆ. ಇರ್ತೀನಿ."

"ಮತ್ತ ಕೆಲಸ?"

"ನೀರಿಗೇ ಇಷ್ಟು ಜಾಗ ಬಿಟ್ಟಿರೋ ಊರಲ್ಲಿ ನಂಗೊಂದು ಕುರ್ಚಿ ಸಿಗಲ್ವಾ?"

ಅವನು ಜೋರಾಗಿ ನಕ್ಕ. ನಗುತ್ತಲೇ ಅವಳನ್ನು ಅಪ್ಪಿಕೊಂಡ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಏನೂ ಕಾಣದವರಂತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು.

ನೀರು ಇಳಿಯತೊಡಗಿದಾಗ ಶೈಲೇಶ ಕಾಲಿಂಗ್ ಕಾರ್ಡಿನ ನಂಬರುಗಳನ್ನೊತ್ತಿ ಊರಿಗೆ ಫೋನ್ ಮಾಡಿದ. ಅಲ್ಲಿ ಆಗಲೇ ರಾತ್ರಿ ಊಟದ ಹೊತ್ತು. ನವನಗರದ ಅಣ್ಣನ ಮನೆಯಲ್ಲಿ ತಾಯಿ ಸಾವಿತ್ರವ್ವ ಫೋನ್ ಎತ್ತಿಕೊಂಡಳು. ಪವಿ ಅವನ ಕಿವಿಯ ಪಕ್ಕಕ್ಕೆ ತನ್ನ ಕಿವಿಯನ್ನೂ ತಂದಳು.

"ಅವ್ವಾ, ಇಲ್ಲಿ ಒಬ್ಬಾಕಿ ಅದಾಳ. ಮೈಸೂರಿನಾಕಿ. ಪವಿ ಅಂತ. ಇಬ್ರೂ ಕೂಡಿ ಇಲ್ಲೇ ಸಂಸಾರ ಮಾಡಬೇಕಂತ ಐತಿ."

ಯಾರ ಮಗಳು, ಯಾವ ಜನ, ಅಡುಗೆ ಬರುತ್ತದೆಯೇ ಎಂದು ಈಗ ಬರಲಿರುವ ಪ್ರಶ್ನೆಗಳಿಗೆಲ್ಲ ಪವಿ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಳ್ಳುತ್ತಿದ್ದಳು.

"ಅಲ್ಲೇ ಇರೂದು ಅಂತ ನೀನ ಠರಾಯಿಸಿದಿಯೋ," ಎಂದಳು ಸಾವಿತ್ರವ್ವ, "ಇಲ್ಲಾ ಆಕೀನ್ನ ಕೇಳಿದಿಯೋ?"

"ಕೇಳೀನವ್ವಾ."

ಫೋನಿನ ಆ ತುದಿಯಲ್ಲಿ ಒಂದು ದೀರ್ಘ ಉಸಿರು ಕೇಳಿಸಿತು.

"ಹಂಗಾರ ಫೋನ್ ಆಕೀ ಕೈಯಾಗ ಕೊಡು."