ನಾಳೆ ಬೈತೀನಿ, ತಯಾರಾಗಿರಿ

"ಮೊಂಡ! ಹಠಮಾರಿ! ಯಾರ ಮಾತೂ ಕೇಳದ ಮನುಷ್ಯ!"

ಅಜ್ಜಿ ಬೀರುವಿನ ಕನ್ನಡಿ ಮುಂದೆ ನಿಂತು, ಬೆರಳು ಆಡಿಸುತ್ತ ಬೈಯುತ್ತಿದ್ದರು. ಕೋಣೆಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಇಲಿಮರಿಯ ಎದೆ ಧಸಕ್ಕೆಂದಿತು.

ಇಲಿಮರಿ ಅಂದರೆ ನಿಜವಾದ ಇಲಿಮರಿಯಲ್ಲ, ಅಜ್ಜಿಯ ಮೊಮ್ಮಗಳು. ಐದನೇ ಕ್ಲಾಸು. ಮುಂದಿನ ಎರಡು ಹಲ್ಲು ಕೊಂಚ ಉದ್ದ. ತಟ್ಟೆ ಬಿದ್ದ ಸದ್ದಿಗೂ ಬೆಚ್ಚಿಬೀಳುತ್ತಾಳೆ. ಹಾಗಾಗಿ ಮನೆಯಲ್ಲೂ ಸ್ಕೂಲಿನಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

ಅವಳು ಅಡುಗೆಮನೆಗೆ ಓಡಿದಳು. "ಅಮ್ಮಾ, ಅಜ್ಜಿ ಯಾರನ್ನ ಬೈತಿದ್ದಾರೆ?"

"ಇನ್ಯಾರನ್ನ? ಕಡ್ಡಿತಾತನ್ನ," ಅಂದರು ಅಮ್ಮ, ಪಾತ್ರೆ ಒರೆಸುತ್ತ. "ನಾಳೆ ಸಂಜೆ ನಗರಸಭೆ ಹಾಲ್‌ನಲ್ಲಿ ಅವರ ನೆನಪಿಗೆ ಅಂತ ಸಭೆ ಇದೆಯಲ್ಲ. ಅಜ್ಜಿದೂ ಭಾಷಣ ಇದೆ. ಪ್ರಾಕ್ಟೀಸ್ ಮಾಡ್ತಿದ್ದಾರೆ."

"ತೀರಿಕೊಂಡವರನ್ನ ಯಾರಾದ್ರೂ ಬೈತಾರಾ?"

"ನಿಮ್ಮಜ್ಜಿನ ಕೇಳು. ನನ್ನನ್ನ ಯಾಕೆ ಕೇಳ್ತೀಯ?"

ಕಡ್ಡಿತಾತ ಬಹಳ ವರ್ಷ ನಗರಸಭೆಯ ಅಧ್ಯಕ್ಷರಾಗಿದ್ದವರು. ಯಾರಿದ್ದರೂ ಸರಿ, ಕಡ್ಡಿ ಮುರಿದ ಹಾಗೆ ಮಾತಾಡುತ್ತಿದ್ದರು. ಅದಕ್ಕೇ ಆ ಹೆಸರು. ಅಜ್ಜಿಯೂ ನಗರಸಭೆಯಲ್ಲಿದ್ದವರೇ, ಆದರೆ ಎದುರು ಪಕ್ಷ. ಇಬ್ಬರೂ ಜಗಳಕ್ಕೆ ನಿಂತರೆಂದರೆ ಪಕ್ಕದ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ನಗರಸಭೆಯ ಕಿಟಕಿಯ ಹತ್ತಿರ ಬರುತ್ತಿದ್ದರಂತೆ.

ಅದೆಲ್ಲ ದೊಡ್ಡವರ ವಿಷಯ, ಹಾಳಾಗಿ ಹೋಗಲಿ. ಇಲಿಮರಿಯ ಚಿಂತೆಯೇ ಬೇರೆ. ಕಡ್ಡಿತಾತನ ಮೊಮ್ಮಗಳು ಬುಗುರಿ ಇದ್ದಾಳಲ್ಲ, ಅವಳು ಇಲಿಮರಿಯ ಜೀವದ ಗೆಳತಿ. ಒಂದೇ ಬೆಂಚು, ಒಂದೇ ಜಾಮಿಟ್ರಿ ಬಾಕ್ಸು. ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದ ಹುಡುಗಿ ತಾತ ಹೋದಮೇಲೆ ಸುಮ್ಮನೆ ಕೂತಿರುತ್ತಿದ್ದಳು.

ಹಿಂದಿನ ಬೆಂಚಿನ ಹುಡುಗನೊಬ್ಬ, ಬುಗುರಿ ಇಲ್ಲದ ಹೊತ್ತು ನೋಡಿ, "ಅವಳ ತಾತ ದೊಡ್ಡ ಜಗಳಗಂಟ" ಅಂದಿದ್ದ. ಅದು ಅವಳ ಕಿವಿಗೆ ಬಿತ್ತು. ಅವತ್ತಿನಿಂದ ಅವನ ಜೊತೆ ಟೂ. ಸಾರಿ ಕೇಳಿದ, ಚಾಕಲೇಟ್ ಕೊಟ್ಟ. ಊಹೂಂ.

ಇನ್ನು ಅಜ್ಜಿ ಮೈಕ್ ಹಿಡಿದು, ಊರಿಗೆಲ್ಲ ಕೇಳುವ ಹಾಗೆ 'ಮೊಂಡ' ಅಂದುಬಿಟ್ಟರೆ? ಮುಗಿದೇಹೋಯಿತು. ನಾಳಿದ್ದಿನಿಂದ ಇಲಿಮರಿ ಬೆಂಚಿನಲ್ಲಿ ಒಬ್ಬಳೇ.

ಅವಳು ಅಜ್ಜಿಯ ಕೋಣೆಗೆ ಹೋಗಿ ಕೈ ಹಿಡಿದುಕೊಂಡಳು. "ಅಜ್ಜೀ, ನಾಳೆ ಒಳ್ಳೇದು ಮಾತ್ರ ಹೇಳು. ಪ್ಲೀಸ್."

"ಒಳ್ಳೇದು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಇದ್ದದ್ದನ್ನ ಇದ್ದ ಹಾಗೆ ಹೇಳೋಳು. ಹೋಗು, ಹಲ್ಲುಜ್ಜಿ ಮಲ್ಕೋ."

ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಹಜಾರದಲ್ಲಿ ಅಜ್ಜಿ ಯಾರಿಗೋ ಫೋನ್ ಮಾಡುತ್ತಿದ್ದುದು ಕೇಳಿಸಿತು. ದನಿ ಎಂದಿನ ಹಾಗೆ ಗಟ್ಟಿಯಾಗಿರಲಿಲ್ಲ. ಇನ್ನೂ ಯಾರನ್ನು ಬೈಯುವುದು ಬಾಕಿ ಇದೆಯೋ ಏನೋ ಅಂದುಕೊಂಡು ಇಲಿಮರಿ ಕಿವಿಯ ಮೇಲೆ ದಿಂಬು ಒತ್ತಿಕೊಂಡಳು.

ಮರುದಿನ ಸ್ಕೂಲ್ ಗೇಟಿನಲ್ಲೇ ಬುಗುರಿ ಸಿಕ್ಕಳು. "ಏಯ್, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು!"

"ವಾಟರ್ ಬಾಟಲ್ ತುಂಬಿಸ್ಕೊಂಡು ಬರ್ತೀನಿ," ಅಂದವಳೇ ಇಲಿಮರಿ ಕಾಲಿಗೆ ಬುದ್ಧಿ ಹೇಳಿದಳು. ಆಗಲೇ ತುಂಬಿದ್ದ ಬಾಟಲು ಅದು! ಇಂಟರ್‌ವಲ್‌ನಲ್ಲಿ ಲೈಬ್ರರಿಗೆ ಓಡಿದಳು. ಬೆಲ್ ಆದಮೇಲೆ ಮಿಸ್ ಹಿಂದೆಯೇ ಹೋಗಿ, ಕೇಳದಿದ್ದರೂ ಅವರ ಪುಸ್ತಕಗಳನ್ನು ಹೊತ್ತುಕೊಟ್ಟಳು. ಕ್ಲಾಸಿನಲ್ಲಿ ಪುಸ್ತಕದಿಂದ ತಲೆ ಎತ್ತಲಿಲ್ಲ; ಬುಗುರಿಯ ಮುಖ ನೋಡುವ ಧೈರ್ಯವೇ ಬರಲಿಲ್ಲ.

ಮನೆಗೆ ಬಂದರೆ ಅಜ್ಜಿಯ ಮೇಜಿನ ಮೇಲೆ ಒಂದು ಚೀಟಿ ಇತ್ತು. ಭಾಷಣ! ಅದರ ಮೇಲೆ ಕನ್ನಡಕ. ಇಲಿಮರಿ ಆಚೆ ನೋಡಿದಳು, ಈಚೆ ನೋಡಿದಳು. ಕನ್ನಡಕವಿಲ್ಲದೆ ಅಜ್ಜಿಗೆ ಒಂದಕ್ಷರ ಕಾಣುವುದಿಲ್ಲ. ಓದಲಾಗದಿದ್ದರೆ 'ನಮಸ್ಕಾರ' ಅಂದು ಕೂತುಬಿಡುತ್ತಾರೆ. ಕನ್ನಡಕ ಸರಕ್ಕನೆ ಅವಳ ಫ್ರಾಕಿನ ಜೇಬು ಸೇರಿತು.

ಹೊರಡುವಾಗ ಅಜ್ಜಿ ಮನೆಯೆಲ್ಲ ತಡಕಾಡಿದರು. "ಇಲ್ಲೇ ಇಟ್ಟಿದ್ದೆ ಕಣೇ, ನೀನು ನೋಡಿದೆಯಾ?"

"ಇಲ್ಲ ಅಜ್ಜಿ." ಇಲಿಮರಿ ಜೇಬಿನ ಮೇಲೆ ಕೈ ಒತ್ತಿಕೊಂಡಳು.

ಹಾಲ್ ತುಂಬಿಹೋಗಿತ್ತು. ವೇದಿಕೆಯ ಮೇಲೆ ಕಡ್ಡಿತಾತನ ದೊಡ್ಡ ಫೋಟೋ. ಫೋಟೋದಲ್ಲಿ ಅವರು ನಗುತ್ತಿದ್ದರು. ಆ ನಗು ಎಲ್ಲಿ ಹುಡುಕಿ ತಂದರೋ! ಮುಂದಿನ ಸಾಲಿನಲ್ಲಿದ್ದ ಬುಗುರಿ ಇಲಿಮರಿಯನ್ನು ನೋಡಿದ್ದೇ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೈಕ್ ಗೊರಗೊರ ಅಂದಿತು.

ಮೊದಲು ಮಾತಾಡಿದವರು, "ಅವರದ್ದು ಬೆಣ್ಣೆಯಂಥ ಮಾತು. ಒಬ್ಬರನ್ನೂ ನೋಯಿಸಿದವರಲ್ಲ," ಅಂದರು. ಹಿಂದೆ ಯಾರೋ ಕೆಮ್ಮಿದರು. ಎರಡನೆಯವರು, "ಅವರು ತಪ್ಪು ಅಂತ ಮಾಡಿದ್ದೇ ಇಲ್ಲ," ಅಂದರು. ಮೂರನೆಯವರು ಅದನ್ನೇ ಇನ್ನೂ ಉದ್ದಕ್ಕೆ ಎಳೆದರು.

ಬುಗುರಿ ತನ್ನ ಅಂಗಿಯ ತೋಳಿನಲ್ಲಿ ಬಿಚ್ಚಿದ್ದ ದಾರ ಎಳೆಯುತ್ತ ಪಿಸುಗುಟ್ಟಿದಳು. "ಇವರೆಲ್ಲ ಯಾರ ಬಗ್ಗೆ ಹೇಳ್ತಿದ್ದಾರೆ? ನಮ್ಮ ತಾತನ ಬಗ್ಗೇನಾ?"

ಅಷ್ಟರಲ್ಲಿ ಅಜ್ಜಿ ಮೈಕಿನ ಮುಂದೆ ಬಂದಿದ್ದರು.

ಅಜ್ಜಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಮುದ್ದೆ ಮಾಡಿ ಕೈಯಲ್ಲಿ ಇಟ್ಟುಕೊಂಡರು.

"ಕನ್ನಡಕ ಎಲ್ಲೋ ಕಳೆದುಹೋಗಿದೆ. ಪರವಾಗಿಲ್ಲ ಬಿಡಿ, ಈ ಮನುಷ್ಯನನ್ನ ಬೈಯೋಕೆ ನನಗೆ ಚೀಟಿ ಬೇಕಾಗಿಲ್ಲ."

ಅಯ್ಯೋ ದೇವರೇ! ಇಲಿಮರಿ ಕುರ್ಚಿಯಲ್ಲಿ ಕೆಳಕ್ಕೆ ಜಾರಿದಳು.

ಅಜ್ಜಿ ಫೋಟೋದ ಕಡೆ ತಿರುಗಿದರು. "ಅಧ್ಯಕ್ಷರೇ, ನೀವು ಮೊಂಡರು. ನೀವು ಕೂಗಿದ್ರೆ ಈ ಹಾಲ್‌ನ ಕಿಟಕಿ ಗಾಜು ಅಲ್ಲಾಡ್ತಿತ್ತು. ರಸ್ತೆ ಅಗಲ ಮಾಡ್ತೀನಿ ಅಂತ ಸ್ಕೂಲ್ ಮುಂದಿನ ಮರಗಳನ್ನ ಕಡಿಸಿದಿರಿ. ಬೇಡ ಬೇಡ ಅಂತ ಬಡ್ಕೊಂಡೆ. ಕೇಳಲಿಲ್ಲ. ಮಕ್ಕಳಿಗೆ ನೆರಳಿಲ್ಲದ ಹಾಗಾಯ್ತು. ಅದು ತಪ್ಪು. ಇವತ್ತಿಗೂ ತಪ್ಪೇ."

ಹಾಲ್ ಗಪ್‌ಚಿಪ್. ಫ್ಯಾನಿನ ಸದ್ದೊಂದೇ. ಇಲಿಮರಿ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಬುಗುರಿಯ ಭುಜ ಅದುರುತ್ತಿದ್ದುದು ಗೊತ್ತಾಗುತ್ತಿತ್ತು. ಅಳುತ್ತಿದ್ದಾಳೆ. ಖಂಡಿತ ಅಳುತ್ತಿದ್ದಾಳೆ.

"ಇದನ್ನೂ ಕೇಳಿ," ಅಂದರು ಅಜ್ಜಿ. "ನೀರಿನ ಟ್ಯಾಂಕ್ ಉದ್ಘಾಟನೆ ದಿನ ಇದೇ ಮನುಷ್ಯ ಮೈಕ್ ಹಿಡಿದು, 'ಈ ಟ್ಯಾಂಕ್ ಸೋರುತ್ತೆ. ಕಟ್ಟಿಸಿದ್ದು ನಮ್ಮ ಪಕ್ಷದವರೇ. ಎದುರು ಪಕ್ಷದ ಆಯಮ್ಮ ಮೊದಲೇ ಹೇಳಿದ್ರು, ನಾವು ಕೇಳಲಿಲ್ಲ' ಅಂದುಬಿಟ್ರು. ಅವರ ಕಡೆಯವರ ಮುಖ ನೋಡಬೇಕಿತ್ತು!"

ಯಾರೋ ಕಿಸಕ್ಕೆಂದರು. ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು.

"ನನ್ನನ್ನ ಸಭೆಯಲ್ಲಿ ಬೈಯೋದಿದ್ರೆ ಹಿಂದಿನ ದಿನ ಸಂಜೆ ಮನೆಗೆ ಫೋನ್ ಮಾಡೋರು. 'ಏನಮ್ಮಾ, ಚರಂಡಿ ವಿಷಯಕ್ಕೆ ನಾಳೆ ಬೈತೀನಿ. ತಯಾರಾಗಿರಿ.' ಅಷ್ಟೇ. ಟಕ್ ಅಂತ ಇಟ್ಟುಬಿಡೋರು. ಮೊದಲು ನನಗೆ ಮೈ ಉರೀತಿತ್ತು. ಆಮೇಲೆ ನಾನೂ ಅವರಿಗೆ ಹಾಗೇ ಫೋನ್ ಮಾಡೋಕೆ ಶುರುಮಾಡಿದೆ. ಅಷ್ಟು ಜಗಳ ಆಡಿದ್ವಿ, ಬೆನ್ನ ಹಿಂದೆ ಮಾತ್ರ ಒಂದು ಮಾತೂ ಆಡಿದವರಲ್ಲ."

ಅಜ್ಜಿ ಕೈಯಲ್ಲಿದ್ದ ಚೀಟಿಯ ಮುದ್ದೆಯನ್ನು ನೋಡಿಕೊಂಡರು.

"ನಿನ್ನೆಯೂ ಅಭ್ಯಾಸಬಲದಿಂದ ಅವರ ಮನೆ ನಂಬರ್ ಒತ್ತಿದೆ. ರಿಂಗ್ ಆಗ್ತಿದ್ದಾಗ ನೆನಪಾಯ್ತು, ಎತ್ತೋಕೆ ಅವರಿಲ್ಲ ಅಂತ. ನನ್ನ ಮುಖಕ್ಕೇ ಹೇಳಿ ಬೈಯೋರು ಇನ್ಯಾರಿದ್ದಾರೆ, ಅಧ್ಯಕ್ಷರೇ?"

ಅಜ್ಜಿ ಕಣ್ಣೊರೆಸಿಕೊಂಡು ಕೆಳಗಿಳಿದರು. ಅವರು ಅತ್ತದ್ದನ್ನು ಇಲಿಮರಿ ಅದುವರೆಗೆ ನೋಡಿರಲಿಲ್ಲ.

"ನಾನೇ ಎತ್ತಿದ್ದು," ಅಂದಳು ಬುಗುರಿ.

"ಏನನ್ನ?"

"ಫೋನ್! ನಿಮ್ಮಜ್ಜಿ ಮೊದಲು ಮಾತೇ ಆಡಲಿಲ್ಲ. ಆಮೇಲೆ 'ನಾಳೆ ನಿಮ್ಮ ತಾತನ್ನ ಬೈತೀನಿ ಮಗು, ತಯಾರಾಗಿ ಬಾ' ಅಂದ್ರು. 'ಹೂಂ, ಬೈಯಿರಿ' ಅಂದೆ. ಅದನ್ನೇ ಹೇಳೋಣ ಅಂತ ಬೆಳಿಗ್ಗೆಯಿಂದ ನಿನ್ನ ಹಿಂದೆ ಬಿದ್ರೆ ಓಡ್ತಾನೇ ಇದ್ದೀಯ!"

ಬುಗುರಿಯ ಕೆನ್ನೆ ಒದ್ದೆಯಾಗಿತ್ತು, ಆದರೆ ಬಾಯಿ ಕಿವಿಯವರೆಗೂ ಹಿಗ್ಗಿತ್ತು. "ಕಿಟಕಿ ಗಾಜು ಅಲ್ಲಾಡ್ತಿತ್ತಂತೆ! ಮನೇಲೂ ಹಾಗೇ ಕಣೇ. ಇವರು ಹೇಳಿದ್ರಲ್ಲ, ಇದು ನಮ್ಮ ತಾತ."

"ನೀನು ನನ್ನ ಜೊತೆ ಟೂ ಬಿಡ್ತೀಯ ಅಂತ ಹೆದರಿದ್ದೆ," ಅಂದಳು ಇಲಿಮರಿ. "ಅವನ ಜೊತೆ ಬಿಟ್ಟ ಹಾಗೆ."

"ಅವನು ನಾನಿಲ್ಲದಾಗ ಹೇಳಿದ್ದ. ಹುಚ್ಚಿ, ನನ್ನನ್ನೇ ಕೇಳಬಾರ್ದಿತ್ತಾ?"

ಸಭೆ ಮುಗಿಯಿತು. ಅಮ್ಮ ಆಟೋ ಹುಡುಕಲು ಮುಂದೆ ಹೋದರು. ಹೊರಗಿನ ಮೆಟ್ಟಿಲುಗಳು ಅಜ್ಜಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಕೈಯಲ್ಲಿ ಗೋಡೆ ತಡವುತ್ತ, ಇನ್ನೊಂದು ಕೈಯಲ್ಲಿ ಮೊಮ್ಮಗಳ ಭುಜ ಹಿಡಿದು ಕಾಲಿಡುತ್ತಿದ್ದರು.

ಜೇಬಿನಲ್ಲಿದ್ದ ಕನ್ನಡಕ ಇಲಿಮರಿಯ ತೊಡೆಗೆ ಚುಚ್ಚುತ್ತಿತ್ತು. ಮನೆಗೆ ಹೋಗಿ ಮೆಲ್ಲನೆ ಮೇಜಿನ ಕೆಳಗೆ ಬೀಳಿಸಿಬಿಟ್ಟರೆ ಆಯಿತು. 'ಇಲ್ಲೇ ಬಿದ್ದಿತ್ತು ನೋಡು' ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಂತ ಹಾಲ್‌ಗೆ ಬರುವಾಗಲೇ ಯೋಚಿಸಿಟ್ಟಿದ್ದಳು.

"ಅಜ್ಜೀ."

"ಏನೇ?"

"ಮನೆಗೆ ಹೋದಮೇಲೆ ನೀನು ನನ್ನನ್ನ ಬೈತೀಯ."

"ನಾನ್ಯಾಕೆ ಬೈಲಿ?"

"ಕನ್ನಡಕದ ವಿಷಯಕ್ಕೆ." ಇಲಿಮರಿ ಜೇಬಿಗೆ ಕೈ ಹಾಕಿ ಕನ್ನಡಕ ತೆಗೆದು, ಫ್ರಾಕಿನ ತುದಿಯಿಂದ ಒರೆಸಿ, ಅಜ್ಜಿಯ ಕೈಗೆ ಕೊಟ್ಟಳು.

ಅಜ್ಜಿ ಅಲ್ಲೇ ನಿಂತರು. ಕನ್ನಡಕ ಹಾಕಿಕೊಂಡರು. ಬಗ್ಗಿ ಮೊಮ್ಮಗಳ ಮುಖವನ್ನು ಚೆನ್ನಾಗಿ ನೋಡಿದರು.

"ಹೀಗೋ," ಅಂದರು. "ಸರಿ ಹಾಗಾದ್ರೆ. ಊಟ ಆದಮೇಲೆ ಬೈತೀನಿ. ತಯಾರಾಗಿರು."

"ಹೂಂ," ಅಂದಳು ಇಲಿಮರಿ.

ಕನ್ನಡಕ ಬಂದಮೇಲೆ ಮೆಟ್ಟಿಲು ಅಜ್ಜಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಅವರು ಭುಜದ ಮೇಲಿನ ಕೈ ತೆಗೆಯಲಿಲ್ಲ. ಇಬ್ಬರೂ ನಿಧಾನವಾಗಿ ಇಳಿದರು.