ತುಂಬದೆ ಕಳಿಸಿದ ಉಡಿ

"ರೊಟ್ಟಿ ಬೇಕಾಗಿದ್ವರಿ... ತಂಗಿ ಬಸರಿ, ಆಕೀ ಕುಬಸದ ಕಾರ್ಯ ಐತಿ."

ಆ ದನಿ!

ಮಾರಾಟಕ್ಕೆಂದು ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದ ರಂಜನಾಳ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದಳು. ಬಾಗಿಲಲ್ಲಿ ಶಿವಲಿಂಗ!

ರಾಮದುರ್ಗದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಶಿವಲಿಂಗ. ಏಳು ವರ್ಷದ ಹಿಂದೆ, ರಂಜನಾಳ ಮನೆಯವರು ಇನ್ನೂ ಸಂಪಗಾಂವದಲ್ಲಿದ್ದಾಗ, ತಾಯಿ ಬಾಯವ್ವನ ಜೊತೆ ಅವಳನ್ನು ನೋಡಲು ಬಂದಿದ್ದ. ಅವಲಕ್ಕಿ ತಟ್ಟೆ ಕೊಡುವಾಗ, "ನಿಮಗ ಮಾತು ಬರತಾವೋ, ಬರೇ ನಗೂದೊಂದನೋ?" ಎಂದು ಮೆಲ್ಲಗೆ ಕೇಳಿ ಅವಳ ಮನಸ್ಸನ್ನು ಕದ್ದುಕೊಂಡು ಹೋಗಿದ್ದ.

ಹೋದವನು ಹೋಗಿಯೇ ಬಿಟ್ಟಿದ್ದ.

"ನಿಮ್ಮ ಮನಿ ಅಂತ ಗೊತ್ತಿದ್ರ ಬರತಿದ್ದಿಲ್ಲರಿ," ಎಂದವನೇ ಹೊರಳಿದ.

ರಂಜನಾಳ ಎದೆಯಲ್ಲಿ ಏನೋ ಉರಿದುಹೋಯಿತು. "ಕರೀ ಹೆಣ್ಣು ಬ್ಯಾಡ ಅಂದ್ರಿ, ಸರಿ. ಆಕೀ ಕೈಯಾನ ರೊಟ್ಟಿನೂ ಬ್ಯಾಡೇನ್ರಿ?"

ಅವನು ನಿಂತ. "ಯಾರಂದ್ರು ಕರೀ ಹೆಣ್ಣಂತ?"

"ನಿಮ್ಮವ್ವ! ನಮ್ಮ ವೈನಿ ಮುಂದ ಹೇಳಿ ಹೋದ್ರಂತ."

"ನಮ್ಮವ್ವ?" ಅವನ ಮುಖ ಸಣ್ಣದಾಯಿತು. "ಆಕಿ ಹೊಸಾ ಸೀರಿ ಉಟ್ಕೊಂಡು, ಸೆರಗ ಒಡ್ಡಿ ನಿಂತಿದ್ಲರಿ, ಉಡಿ ತುಂಬತೀರಂತ. ನಿಮ್ಮ ವೈನಿ ಕುಂಕುಮ ಹಚ್ಚಿ ಹಂಗ ಕಳಿಸಿದ್ರು. ಬರೀ ಉಡೀಲೆ ಬಸ್ ಹತ್ತಿದ್ಲು ನಮ್ಮವ್ವ."

ಈ ಕಡೆ ಸಂಬಂಧ ಬೇಡವೆಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಗಂಡಿನ ತಾಯಿಗೆ ಉಡಿ ತುಂಬದೆ ಕಳಿಸಿದರೆ ಮುಗಿಯಿತು. ಮಾನವಿದ್ದವರು ಮತ್ತೆ ಆ ಮನೆಯ ಸುದ್ದಿ ತೆಗೆಯುವುದಿಲ್ಲ.

"ತಾಟು ನಾನ ತಯಾರ ಮಾಡಿ ಕೊಟ್ಟಿದ್ದೆ!" ರಂಜನಾಳ ದನಿ ಒಡೆಯಿತು. "ಅಕ್ಕಿ, ಕೊಬ್ಬರಿ, ಹಸರ ಜಂಪರದ ಕಣ... ಎಲ್ಲಾ!"

ಮದುವೆಯಾಗದ ಹುಡುಗಿ ಉಡಿ ತುಂಬುವಂತಿಲ್ಲ. ಅಣ್ಣನ ಹೆಂಡತಿಯಾದ ವೈನಿಯ ಕೈಗೆ ತಾಟು ಕೊಟ್ಟು, ನಾಚಿಕೊಂಡು ಅಡುಗೆಮನೆಯಲ್ಲೇ ಉಳಿದಿದ್ದಳು ಅವಳು.

"ಅವ್ವ ಸಾಯೂ ಮುಂದನೂ ಅದನ್ನ ನೆನಸಿದ್ಲು," ಎಂದ ಶಿವಲಿಂಗ. "ಬ್ಯಾರೆ ಕಡೆ ಹೆಣ್ಣು ನೋಡಿದೆ. ಮನಸಾಗಲಿಲ್ಲ. ನಿಮಗ...?"

"ನಂಗ ಆಮ್ಯಾಲೆ ಯಾರೂ ಒಪ್ಪಲಿಲ್ಲರಿ..."

ಹೇಳುತ್ತಿದ್ದಂತೆ ಅವಳು ಒಳಕೋಣೆಯ ಕಡೆ ತಿರುಗಿ ನೋಡಿದಳು. ಒಪ್ಪಲಿಲ್ಲವೋ? ಅಥವಾ ಅವರೆಲ್ಲರ ತಾಯಂದಿರೂ ಬರಿ ಉಡಿಯಲ್ಲೇ...

"ರೊಟ್ಟಿ ನಾಳೆ ಮುಂಜಾನೆ ಒಯ್ಯರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ವೈನಿ ಮಂಜುಳಾ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಲೆ ಎತ್ತಲಿಲ್ಲ.

"ಯಾಕ ವೈನಿ?"

"ಯಾಕಂದ್ರ? ಕೈಯಾಗ ಎಳೀ ಕೂಸು. ಅತ್ತಿ ಹಾಸಿಗಿ ಹಿಡಿದಿದ್ರು. ನೀ ಹ್ವಾದ್ರ ನಾ ಒಬ್ಬಾಕಿ ಸಾಯಬೇಕಿತ್ತೇನು?" ಮಂಜುಳಾಳ ಕಣ್ಣಲ್ಲಿ ನೀರಿತ್ತು. "ನಿನ್ನ ಮದುವಿ ಒಂದು ವರ್ಷ ನಿಲ್ಲಲಿ ಅಂದ್ಕೊಂಡೆ... ಆಮ್ಯಾಲೆ ಈ ರೊಟ್ಟಿ ಮಾರೂ ಕೆಲಸ ಹತ್ತಿತು, ನೀ ಇಲ್ಲದ ನಡೀತಿದ್ದಿಲ್ಲ. ನಿಮ್ಮಣ್ಣಗೂ ಗೊತ್ತೈತಿ, ಕೇಳು ಬೇಕಾದ್ರ!"

ಅಣ್ಣನಿಗೂ?

ಬಾಳೇಶ ಊಟದ ಹೊತ್ತಿಗೆ ಬಂದ. ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ. ಎಲ್ಲ ತಿಳಿಯಿತು ಅವನಿಗೆ. ಏನಾದರೂ ಅನ್ನುತ್ತಾನೆ... 'ತಪ್ಪಾತವಾ' ಅಂತ ಒಂದು ಮಾತು... ರಂಜನಾ ಕಾದಳು.

ಅವನು ಕೈ ತೊಳೆದುಕೊಂಡು ಕುಳಿತ.

"ನೀಡವಾ, ಹಸಿವಾಗೇತಿ."

ಅವಳು ನೀಡಿದಳು. ಅವನು ಉಂಡ. "ಪಲ್ಯಾಕ ಉಪ್ಪ ಕಡಿಮಿ ಆಗೇತಿ," ಎಂದ.

ಆಗ ಅವಳಿಗೆ ಅಳು ಬರಲಿಲ್ಲ. ಚಿಕ್ಕಂದಿನ ಕುಪ್ಪಸವನ್ನು ಇಷ್ಟು ದಿನ ಬಿಗಿಹಿಡಿದು ತೊಟ್ಟುಕೊಂಡು, ಉಸಿರು ಕಟ್ಟುತ್ತಿರುವುದು ಈಗ ತಿಳಿದಂತಾಯಿತು. 'ಈ ಮನಿ ನನಗ ಸಾಲೂದಿಲ್ಲ. ಯಾವಾಗೋ ಸಾಲದಂಗಾಗೇತಿ. ನಾನ ನೋಡಲಿಲ್ಲ.'

ಹಿತ್ತಲಿಗೆ ಹೋಗಿ ಸವದತ್ತಿಯ ಕೆಂಪವ್ವನಿಗೆ ಫೋನ್ ಹಚ್ಚಿದಳು. ಇವಳ ರೊಟ್ಟಿ ತರಿಸಿ ಖಾನಾವಳಿ ನಡೆಸುವ ಮುದುಕಿ. 'ಕಾಲು ಸೋತಾವ, ನೀ ಬಂದು ನಡಸು, ಪಾಲು ಕೊಡತೇನಿ' ಎಂದು ಎಷ್ಟೋ ಸಲ ಕರೆದಿದ್ದಳು. ಅಣ್ಣನ ಮನೆ ಬಿಟ್ಟು ಹೇಗೆ ಬರಲಿ ಎನ್ನುತ್ತಿದ್ದಳು ರಂಜನಾ.

"ಅಜ್ಜಿ, ನಾಳೆ ಬರಲಿ?"

"ಈಗ ಬುದ್ಧಿ ಬಂತೇನ ಹುಚ್ಚಿ? ಬಾ!"

ಮುಂಜಾನೆ ಶಿವಲಿಂಗ ಬರುವಷ್ಟರಲ್ಲಿ ಅವನ ರೊಟ್ಟಿ ಕಟ್ಟಿಟ್ಟಿತ್ತು. ಪಕ್ಕದಲ್ಲಿ ಅವಳ ಬಟ್ಟೆಯ ಚೀಲ. ಬಾಳೇಶ ಹೊರಗೆ ಬರಲೇ ಇಲ್ಲ. ಮಂಜುಳಾ ಬಾಗಿಲ ತನಕ ಬಂದು, "ಮಂದಿ ಏನಂತಾರ?" ಎಂದಳು. ರಂಜನಾ ಚೀಲ ಎತ್ತಿಕೊಂಡು ಹೊರಟಳು.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದ ಶಿವಲಿಂಗ ಅಲ್ಲಿ ತಡೆಯಲಾರದೆ ಅಂದುಬಿಟ್ಟ. "ಸವದತ್ತಿಗೆ ಯಾಕ? ರಾಮದುರ್ಗಕ್ಕ ಬಾ ರಂಜನಾ... ನಮ್ಮ ಮನಿಗಿ. ಮದುವಿ ಆಗೂಣು."

ಏಳು ವರ್ಷದ ಹಿಂದೆ ಈ ಮಾತಿಗಾಗಿ ಜೀವ ಕೊಡುತ್ತಿದ್ದಳು!

"ಇಲ್ಲ."

ಅವನ ಮುಖ ಬಾಡಿತು.

"ಒಂದು ಅಡಿಗಿಮನಿಯಿಂದ ಎದ್ದು ಸೀದಾ ಇನ್ನೊಂದಕ್ಕ ಹೋಗಾಕ ನನ್ನ ಕೈಲೆ ಆಗೂದಿಲ್ಲ."

"ಖಾನಾವಳಿನೂ ಅಡಿಗಿಮನೀನ ಅಲ್ಲೇನು?"

"ಅಲ್ಲಿ ಒಲಿ ಯಾವಾಗ ಆರಸಬೇಕನ್ನೂದು ನಂದು."

ಬಸ್ಸು ಬಂದು ನಿಂತಿತು.

"ಶಿವಲಿಂಗ..." ಮೊದಲ ಸಲ ಹೆಸರು ಹಿಡಿದು ಕರೆದಳು. "ನಿನ್ನ ಮರತಿದ್ದಿಲ್ಲ ನಾ. ಆದ್ರ ಇಷ್ಟೂ ವರ್ಷ ಸಿಟ್ಟಿನಾಗ ನೆನಸೇನಿ. ನಿನ್ನ ಸಿಟ್ಟಿಲ್ಲದಂಗ ನೆನಸೂದು ಹೆಂಗಂತ ಕಲೀಬೇಕು."

ಅವನ ಕಣ್ಣು ತುಂಬಿದವು. "ಕಾಯತೇನಿ."

"ಕಾಯಬ್ಯಾಡ. ಕಾಯೂದು ಇಬ್ಬರಿಗೂ ಸಾಕಾಗೇತಿ. ಬರತಿರು."

"ಏನಂತ ಬರಲಿ?"

"ಗಿರಾಕಿ ಆಗಿ ಬಾ. ರೊಕ್ಕ ಕೊಟ್ಟು ಉಣ್ಣು."

ಅವನು ಅಳುತ್ತಲೇ ನಕ್ಕ. "ನಾಳೆ ಬರಲಿ?"

"ನಾಳೆ ಬ್ಯಾಡ. ಹೊಸಾ ಒಲಿ, ರೊಟ್ಟಿ ಹೊತ್ತತಾವು."

"ಹೊತ್ತಿದ್ದ ಉಣತೇನಿ."

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನನ್ನು ಕಣ್ತುಂಬ ನೋಡಿದಳು ರಂಜನಾ.

"ಹಂಗಾರ... ಬಾ."