ರನ್‌ವೇ ಸಾಲದು ಅಂದವನು

"ಯಂತ್ರ ಕೆಟ್ಟಿದೆ ಅಂತ ಬರೆದವರು ನೀವೇನಾ?"

ಸಿಮ್ಯುಲೇಟರ್ ಕೋಣೆಯ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಕೈಯಲ್ಲಿ ದೂರಿನ ಪುಸ್ತಕ, ಕಣ್ಣಲ್ಲಿ ಕೆಂಡ!

ಅವಳು ಆ ಪೈಲಟ್ ತರಬೇತಿ ಕೇಂದ್ರದ ಮೆಕ್ಯಾನಿಕ್. ನೆಲ ಬಿಡದೆಯೇ ವಿಮಾನ ಹಾರಿಸಲು ಕಲಿಸುವ ಆ ಯಂತ್ರವನ್ನು ಆರು ವರ್ಷದಿಂದ ಮಗುವಿನಂತೆ ನೋಡಿಕೊಂಡು ಬಂದವಳು, ರಿಪೇರಿಯಾದಾಗಲೆಲ್ಲ ತಾನೇ ಹಾರಿಸಿ ನೋಡುತ್ತಿದ್ದವಳು. ಅವನು ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದ ಪೈಲಟ್. ಗುಡ್ಡದ ಮೇಲಿನ ಗಿಡ್ಡ ರನ್‌ವೇಯಿಂದ ಹಾರುವ ಪರೀಕ್ಷೆಗೆ ತಯಾರಾಗುತ್ತಿದ್ದ. ಬೆಳಿಗ್ಗೆಯಿಂದ ನಾಲ್ಕು ಸಲ ಪರದೆಯ ಮೇಲಿನ ಮರಗಳಿಗೆ ಗುದ್ದಿದ್ದ.

"ರನ್‌ವೇ ಸಾಲಲ್ಲ ಮೇಡಂ. ಯಂತ್ರದ ಲೆಕ್ಕವೇ ತಪ್ಪಿದೆ."

"ಕುಣಿಯೋಕೆ ಬಾರದವರಿಗೆ ನೆಲ ಡೊಂಕಂತೆ! ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ಪರದೆಯ ಮೇಲಿನ ವಿಮಾನವನ್ನು ರನ್‌ವೇಯ ಹಿಂಬದಿಯ ಕಟ್ಟಕಡೆಯ ಅಂಚಿಗೆ ತಂದು ನಿಲ್ಲಿಸಿದಳು. "ಒಂದಡಿಯನ್ನೂ ಬೆನ್ನ ಹಿಂದೆ ಬಿಡಬಾರದು." ಬೇಗ ಮೇಲೇಳಲೆಂದು ರೆಕ್ಕೆಯ ಹಿಂಬದಿಯ ಫ್ಲಾಪ್ ಪಟ್ಟಿ ಇಳಿಸಿದಳು. ಬ್ರೇಕ್ ಒತ್ತಿ ಹಿಡಿದೇ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟಳು. ಕೂತಿದ್ದ ಕುರ್ಚಿಗಳೇ ನಡುಗಿದವು. ಆಮೇಲೆ ಬ್ರೇಕ್ ಬಿಟ್ಟಳು.

ಮರಗಳು ಮೈಮೇಲೆ ಬಂದವು. ಅವನ ಕೈ ತಾನಾಗಿ ಮುಂದೆ ಚಾಚಿತು...

"ಮುಟ್ಟಬೇಡಿ! ಇದೇ ನಿಮ್ಮ ತಪ್ಪು. ಹೆದರಿ ಬೇಗ ವಿಮಾನದ ಮೂತಿ ಎತ್ತುತ್ತೀರಿ. ವೇಗ ಬರೋ ಮೊದಲೇ ಎತ್ತಿದ್ರೆ ಅದು ತೆವಳುತ್ತೆ, ಹಾರಲ್ಲ."

ವೇಗಮಾಪಕದ ಮುಳ್ಳು ಸರಿಯಾದ ವೇಗ ಮುಟ್ಟಿತು. ಹಿಡಿಕೆಯನ್ನು ಮೆಲ್ಲಗೆ ಎಳೆದಳು. ಮರದ ತುದಿಗಳು ಕಾಲಡಿಯಲ್ಲಿ ಸರಿದುಹೋದವು!

ಅವನು ದೂರಿನ ಪುಸ್ತಕ ತೆಗೆದು, ಬರೆದದ್ದನ್ನು ಹೊಡೆದುಹಾಕಿ, 'ತಪ್ಪು ನನ್ನದು' ಎಂದು ಬರೆದ.

ಅವಳ ಅರ್ಧ ಕೋಪ ಅಲ್ಲೇ ಇಳಿಯಿತು. ಉಳಿದದ್ದು ಆಮೇಲಿನ ಹತ್ತು ದಿನಗಳ ಅಭ್ಯಾಸದಲ್ಲಿ ಕರಗಿತು. ಅವನು ಬರುವ ಹೊತ್ತಿಗೆ ಕೈಯ ಗ್ರೀಸ್ ತಿಕ್ಕಿ ತಿಕ್ಕಿ ತೊಳೆಯುವುದೂ ಶುರುವಾಯಿತು... 'ಛೆ, ನನಗೇನಾಗಿದೆ!'

ಅವನು ಪಾಸಾದ. ಮರುದಿನವೇ ಅವಳಿಗೆ ನೋಟಿಸ್! 'ಮೆಕ್ಯಾನಿಕ್ ಪೈಲಟ್‌ಗೆ ಪಾಠ ಹೇಳಿದ್ದು ನಿಯಮಬಾಹಿರ. ಪೈಲಟ್ ನೀಡಿದ ವರದಿಯ ಮೇರೆಗೆ ಅಮಾನತು.'

ಅವನ ವರದಿ... ಅವನದೇ! 'ಏರಿದ ಏಣಿಯನ್ನೇ ಒದ್ದನಲ್ಲ!'

ಮನೆಯಲ್ಲಿ ಪಾತ್ರೆಗಳು ಧಡಾರ್ ಎಂದವು. ಅತ್ತಿಗೆ ಓಡಿ ಬಂದರು. "ತಾಯಿ, ಆ ಪಾತ್ರೆ ನಿಂಗೇನು ಮಾಡ್ತು? ಬೈಬೇಕಾದವರನ್ನ ಹೋಗಿ ಬೈದು ಬಾ!"

ಮರುದಿನ ಕೇಂದ್ರಕ್ಕೆ ಹೋದಳು. ಮುಖ್ಯಸ್ಥರ ಕೋಣೆಯ ಹೊರಗೆ ಅವನೇ ನಿಂತಿದ್ದ.

"ನಾಚಿಕೆ ಆಗಲ್ವಾ ನಿಮಗೆ?"

ಅವನು ವರದಿಯ ಪ್ರತಿ ಚಾಚಿದ. 'ನನಗೆ ಈ ವಿದ್ಯೆ ಕಲಿಸಿದ್ದು ಇಲ್ಲಿನ ಮೆಕ್ಯಾನಿಕ್. ಅವರನ್ನು ತರಬೇತುದಾರರನ್ನಾಗಿ ನೇಮಿಸಬೇಕು.' ಮುಖ್ಯಸ್ಥರಿಗೆ ಕಂಡದ್ದು ಮೊದಲ ಸಾಲು ಮಾತ್ರ.

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ಹೊಗಳೋಕಾದ್ರೂ ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ವಾ? ಹೋಗಿದ್ದು ನನ್ನ ಕೆಲಸ, ನಿಮ್ದಲ್ಲ!"

"ತಪ್ಪಾಯ್ತು. ನಿಮ್ಮ ವಿದ್ಯೆನ ನಂದು ಅಂತ ಹೇಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ... ಅಷ್ಟೇ ಯೋಚಿಸಿದೆ."

ಅವಳು ಬಾಗಿಲು ತಳ್ಳಿ ಒಳಗೆ ನುಗ್ಗಿದಳು. "ಸರ್, ಅದೇ ರನ್‌ವೇಯಿಂದ ನೀವು ಹಾರಿಸಿ ತೋರಿಸಿ. ನಿಮ್ಮಿಂದಾದ್ರೆ ನಾನೇ ಕೆಲಸ ಬಿಡ್ತೀನಿ!"

ಹಳೆಯ ಪೈಲಟ್ ಆಗಿದ್ದ ಮುಖ್ಯಸ್ಥರು ನಕ್ಕು ಯಂತ್ರ ಹತ್ತಿದರು. ಮೊದಲ ಸಲ ಮರ. ಎರಡನೇ ಸಲವೂ ಮರ. ಮೂರನೇ ಸಲ ಮರಕ್ಕೆ ಗುದ್ದಿದ ಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಎಲ್ಲಿ ತಪ್ಪಿದ್ದಮ್ಮಾ?"

"ನಾನು ಹೇಳೋ ಹಾಗಿಲ್ಲ ಸರ್. ನಿಯಮಬಾಹಿರ."

ಸಂಜೆಯೊಳಗೆ ಅಮಾನತು ರದ್ದಾಯಿತು, ತರಬೇತುದಾರಳಾಗಿ ನೇಮಿಸಿದ ಆದೇಶವೂ ಕೈಗೆ ಬಂತು. ಹೊರಗಿನ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ಕೋಪ ಹೋಯ್ತಾ?"

"ಇನ್ನೂ ಸ್ವಲ್ಪ ಇದೆ."

"ಪಾಸಾದ ಮೇಲೆ ನಂಗಿಲ್ಲಿ ಏನೂ ಕೆಲಸ ಇಲ್ಲ. ಆದ್ರೂ ನಿನ್ನೆ ಬಂದೆ, ಇವತ್ತೂ ಬಂದೆ. ನಿನ್ನೆ ನಿಮ್ಮ ಕುರ್ಚಿ ಖಾಲಿ ಇತ್ತು... ಆಗ ಗೊತ್ತಾಯ್ತು, ನೀವಿಲ್ಲದೆ ನನ್ನ ಕೈಲಿ ಆಗಲ್ಲ ಅಂತ."

ಅವಳ ಎದೆ ಡವಡವ ಎಂದಿತು.

"ನಾನು ಜಗಳಗಂಟಿ. ಗೊತ್ತು ತಾನೇ?"

"ಗೊತ್ತು."

"ಗೊತ್ತಿದ್ದೂ ಬಂದ್ರಾ?"

"ಗೊತ್ತಿದ್ದೇ ಬಂದೆ."

ಅವಳು ನಗು ತಡೆಯಲಾರದೆ ಅವನ ಪಕ್ಕದಲ್ಲಿ ಕುಳಿತಳು. "ಸ್ವಲ್ಪ ಜರುಗಿ."

ಅವನು ಜರುಗಲಿಲ್ಲ.